ಮಂದಿ ಭಾಳ, ಮಾತಿಲ್ಲ

ಮಹಾರಾಷ್ಟ್ರದ ಉಜನಿ ಜಲಾಶಯ ತುಂಬಿ ನೀರು ಬಿಟ್ಟರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಭೀಮೆ ಉಕ್ಕುತ್ತಾಳೆ. ಸೊನ್ನ ಬ್ಯಾರೇಜಿನ ಗೇಟುಗಳು ತೆರೆದುಕೊಳ್ಳುತ್ತವೆ. ಗಾಣಗಾಪುರ, ಘತ್ತರಗಿಯ ಸೇತುವೆಗಳ ಮೇಲೆ ನೀರು ಹರಿದು ಈ ದಂಡೆಗೂ ಆ ದಂಡೆಗೂ ಸಂಪರ್ಕ ಕಡಿಯುತ್ತದೆ. 2020ರ ಅಕ್ಟೋಬರಿನ ಮಹಾಪೂರವನ್ನು ಇಲ್ಲಿಯವರು ಇನ್ನೂ ಮರೆತಿಲ್ಲ. ಅಂಥ ದಿನ ಪಕ್ಕದ ಊರಿಗೆ ಹೋಗಲಾಗದೆ ಮನೆಯಲ್ಲೇ ಕೂತ ಘತ್ತರಗಿಯ ಭಾಗ್ಯವಂತಿ ಸನ್ನಿಧಿಯ ಹುಡುಗನೊಬ್ಬ, ಟವರ್ ಕೈಕೊಡದಿದ್ದರೆ, ಇಂಡೋನೇಷ್ಯಾದವನೊಬ್ಬನ ಜೊತೆ ಸೇರಿ ರಾಕ್ಷಸನ ಬೇಟೆಗೆ ಹೋಗಬಹುದು. ಕೈಯಲ್ಲಿ ಹತ್ತು ಸಾವಿರ ರೂಪಾಯಿಯ ಮೊಬೈಲ್ ಇದ್ದರೆ ಸಾಕು.

ಹೋಗಬಹುದು ಎಂಬುದು ಈ ಕಾಲದ ಸೊಗಸು. ಆದರೆ ಇಂಥ ಆಟಗಳಲ್ಲಿ ಹತ್ತಿಪ್ಪತ್ತು ವರ್ಷ ಪಳಗಿದ ಆಟಗಾರರನ್ನು ಕೇಳಿದರೆ ಅವರ ತಕರಾರು ಶುರುವಾಗುವುದೇ ಇಲ್ಲಿಂದ. ಬೇಟೆ ಮುಗಿಯುವ ತನಕ ಆ ಇಂಡೋನೇಷ್ಯಾದವನ ಜೊತೆ ಒಂದು ಮಾತೂ ಆಡಬೇಕಾಗಿಲ್ಲ. ಅವನ ಹೆಸರು ಓದಬೇಕಾಗಿಲ್ಲ. ಅವನ ಜಾಗದಲ್ಲಿ ಕಂಪ್ಯೂಟರೇ ಆಡುತ್ತಿದ್ದರೂ ಗೊತ್ತಾಗುವುದಿಲ್ಲ. ಸಾವಿರಾರು ಮಂದಿ ಒಟ್ಟಿಗೆ ಆಡುವ ಆಟ ಎಂದು ಹೆಸರು, ಆಡುವವರು ಮಾತ್ರ ಒಬ್ಬೊಬ್ಬರೇ.

ಈ ಮಾತು ಅರ್ಥವಾಗಬೇಕಾದರೆ ಇಲ್ಲಿನ ಹುಡುಗರು ದಿನಾ ಆಡುವ ಆಟಕ್ಕೂ ಈ ಆಟಗಳಿಗೂ ಇರುವ ಅಂತರ ತಿಳಿಯಬೇಕು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡಾಟಾ ಅಗ್ಗವಾದ ಮೇಲೆ ಹಳ್ಳಿಹಳ್ಳಿಗೂ ಇಳಿದದ್ದು ಪಬ್‌ಜಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಮರುವರ್ಷ ಬಿಜಿಎಂಐ ಎಂಬ ಹೊಸ ಹೆಸರಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರ ಮೇನಲ್ಲಿ ತಿರುಗಿ ಬಂತು. ಇವು ಅರ್ಧ ಗಂಟೆಯ ಕಾಳಗಗಳು. ನೂರು ಜನ ಇಳಿಯುತ್ತಾರೆ, ಒಬ್ಬನೋ ಒಂದು ತಂಡವೋ ಉಳಿಯುತ್ತದೆ, ಆ ಲೋಕ ಅಲ್ಲಿಗೆ ಅಳಿಸಿಹೋಗುತ್ತದೆ. ಮುಂದಿನ ಸಲ ಎಲ್ಲವೂ ಹೊಸದು.

ಎಂಎಂಒಆರ್‌ಪಿಜಿ ಎಂಬ ಉದ್ದ ಹೆಸರಿನ ಆಟಗಳದ್ದು ಬೇರೆ ಲೆಕ್ಕ. ಅಲ್ಲಿ ಆಟಗಾರ ಒಂದು ಪಾತ್ರ ಕಟ್ಟಿಕೊಳ್ಳುತ್ತಾನೆ: ಬಡಗಿಯೋ, ಮಂತ್ರವಾದಿಯೋ, ವೈದ್ಯನೋ, ಕಳ್ಳನೋ. ಅವನು ಮೊಬೈಲ್ ಕೆಳಗಿಟ್ಟು ಊಟಕ್ಕೆ ಎದ್ದರೂ ಆ ಲೋಕ ನಿಲ್ಲುವುದಿಲ್ಲ. ಅಲ್ಲಿ ವ್ಯಾಪಾರ ನಡೆದಿರುತ್ತದೆ, ಯುದ್ಧ ನಡೆದಿರುತ್ತದೆ. ಆರು ತಿಂಗಳು ಬಿಟ್ಟು ಬಂದರೂ ಅವನ ಪಾತ್ರ ಬಿಟ್ಟಲ್ಲೇ ಕಾದಿರುತ್ತದೆ, ಗಳಿಸಿದ್ದೆಲ್ಲ ಗಂಟಿನಲ್ಲಿರುತ್ತದೆ. ವರ್ಷಗಟ್ಟಲೆ ಒಂದೇ ಪಾತ್ರದಲ್ಲಿ ಬಾಳುವುದು ಈ ಆಟದ ತಿರುಳು.

ಇದರ ಮೂಲ 1978ರಲ್ಲಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಬರೆಯಲು ತೊಡಗಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ಆಟ ಅದು. ಹೆಸರು ಮಡ್. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ನೀನು ಕಾಡಿನ ಅಂಚಿನಲ್ಲಿದ್ದೀಯ ಎಂದು ಪರದೆಯ ಮೇಲೆ ಮೂಡುತ್ತಿತ್ತು, ಆಟಗಾರ ಉತ್ತರಕ್ಕೆ ಹೋಗು ಎಂದು ಟೈಪ್ ಮಾಡುತ್ತಿದ್ದ. ಮುಂದೆ 1997ರಲ್ಲಿ ಅಲ್ಟಿಮಾ ಆನ್‌ಲೈನ್, 1998ರಲ್ಲಿ ಕೊರಿಯಾದ ಲಿನಿಯೇಜ್, 1999ರಲ್ಲಿ ಎವರ್‌ಕ್ವೆಸ್ಟ್, 2001ರಲ್ಲಿ ರೂನ್‌ಸ್ಕೇಪ್, 2004ರ ನವೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಈ ಕೊನೆಯದು 2010ರ ಹೊತ್ತಿಗೆ ಒಂದು ಕೋಟಿ ಇಪ್ಪತ್ತು ಲಕ್ಷ ಚಂದಾದಾರರನ್ನು ಮುಟ್ಟಿತು. ಭಾರತದಲ್ಲೂ 2000ರ ದಶಕದ ನಡುವಿನಲ್ಲಿ ರಾಗ್ನರಾಕ್ ಆನ್‌ಲೈನ್, ಎ3 ಎಂಬ ಕೊರಿಯಾದ ಆಟಗಳು ಸೈಬರ್ ಕೆಫೆಗಳಿಗೆ ಬಂದವು. ಊರಲ್ಲಿ ಕಂಪ್ಯೂಟರೇ ಅಪರೂಪವಾಗಿದ್ದ ಕಾಲ. ಆ ಅಲೆ ದೊಡ್ಡ ನಗರಗಳನ್ನು ದಾಟಿ ಹೆಚ್ಚು ದೂರ ಬರಲಿಲ್ಲ.

ಹಳೆಯ ಆಟಗಾರರು ಇಂದಿಗೂ ಎತ್ತಿ ಆಡುವ ಹೆಸರು ಎವರ್‌ಕ್ವೆಸ್ಟ್. ಅದು ಕಠಿಣ ಆಟ, ಒಮ್ಮೊಮ್ಮೆ ಕ್ರೂರ. ಪಾತ್ರ ಸತ್ತರೆ ಗಳಿಸಿದ ಅನುಭವ ಕಡಿತ. ಅದಕ್ಕಿಂತ ಕಷ್ಟದ್ದು, ತೊಟ್ಟ ಕವಚ, ಹಿಡಿದ ಕತ್ತಿ ಎಲ್ಲವೂ ಹೆಣದ ಬಳಿಯೇ ಉಳಿಯುತ್ತಿತ್ತು. ಆಟಗಾರ ಎಲ್ಲೋ ದೂರದಲ್ಲಿ ಬರಿಗೈಯಲ್ಲಿ ಹುಟ್ಟಿ, ತನ್ನನ್ನು ಕೊಂದ ಮೃಗಗಳ ನಡುವೆಯೇ ನುಸುಳಿ ತನ್ನ ಹೆಣ ಹುಡುಕಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ದಾರಿಯಲ್ಲಿ ಸಿಕ್ಕವರ ಕಾಲು ಹಿಡಿಯಬೇಕು, ಬದುಕಿಸುವ ವಿದ್ಯೆ ಬಲ್ಲ ಪುರೋಹಿತನನ್ನು ಕರೆತರಬೇಕು. ಇಂದು ನೆರವಿಗೆ ಬಂದವನಿಗೆ ನಾಳೆ ಇವನು ಹೋಗಬೇಕು. ಹೀಗೆ ಬೆಳೆದ ನಂಟುಗಳಲ್ಲಿ ಕೆಲವು ಮದುವೆಯ ತನಕ ಹೋದವು.

ಆ ಆಟದಲ್ಲಿ ಈಸ್ಟ್ ಕಾಮನ್‌ಲ್ಯಾಂಡ್ಸ್ ಎಂಬ ಬಯಲಿದೆ, ಅಲ್ಲೊಂದು ಸುರಂಗ. ಆಟ ಕಟ್ಟಿದವರ ಲೆಕ್ಕದಲ್ಲಿ ಅದು ಬರೀ ದಾರಿ. ಆದರೆ ಆಟದಲ್ಲಿ ಮಾರುಕಟ್ಟೆಯೇ ಇರಲಿಲ್ಲವಾಗಿ ಮಾರುವವರು, ಕೊಳ್ಳುವವರು ತಾವಾಗಿ ಅಲ್ಲಿ ಸೇರತೊಡಗಿದರು. ಎಷ್ಟೋ ಸರ್ವರ್‌ಗಳಲ್ಲಿ, ಅಂದರೆ ಅದೇ ಲೋಕದ ಬೇರೆ ಬೇರೆ ಪ್ರತಿಗಳಲ್ಲಿ, ಅದೇ ಸಂತೆಯಾಯಿತು. ಸುರಂಗದ ಗೋಡೆಗೆ ಸಾಲಾಗಿ ನಿಂತು ತಮ್ಮ ಸರಕು ಕೂಗುವುದು, ಚೌಕಾಸಿ, ಇವತ್ತು ಬೇಡ ನಾಳೆ ಬಾ ಎನ್ನುವುದು, ವಾರಗಟ್ಟಲೆ ಕಂಡು ಪರಿಚಯವಾದ ಮುಖಗಳು, ಮೋಸ ಮಾಡಿದವನನ್ನು ಎಲ್ಲರೂ ಸೇರಿ ದೂರವಿಡುವುದು. 2001ರ ಡಿಸೆಂಬರಿನಲ್ಲಿ ಬಂದ ಹೊಸ ಕಂತಿನೊಂದಿಗೆ ಕಂಪನಿಯೇ ಅಚ್ಚುಕಟ್ಟಾದ ಬಜಾರ್ ಕಟ್ಟಿಕೊಟ್ಟಿತು. ಅಲ್ಲಿ ಆಟಗಾರ ಎದುರಿಗೆ ಕೂತು ಮಾತಾಡಬೇಕಿಲ್ಲ. ಬೆಲೆ ಬರೆದು, ಪಾತ್ರವನ್ನು ಅಲ್ಲೇ ಬಿಟ್ಟು ಮಲಗಬಹುದು. ಅನುಕೂಲ ನಿಜ. ಸುರಂಗ ಮಾತ್ರ ಖಾಲಿಯಾಯಿತು.

ಇಂಥದೇ ಇನ್ನೊಂದು ತಿರುವು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2009ರ ಡಿಸೆಂಬರಿನಲ್ಲಿ ಬಂತು, ಈಗಿನ ಆಟಗಳ ಚಹರೆಯನ್ನೇ ಬದಲಿಸಿತು. ಅದಕ್ಕೆ ಮುಂಚೆ ಗವಿಯೊಂದಕ್ಕೆ ಇಳಿಯಬೇಕಾದರೆ ಐದು ಜನ ಬೇಕಿತ್ತು: ಪೆಟ್ಟು ತಡೆದುಕೊಳ್ಳುವ ಟ್ಯಾಂಕ್ ಒಬ್ಬ, ಗಾಯ ಮಾಯಿಸುವ ಹೀಲರ್ ಒಬ್ಬ, ಹೊಡೆಯುವವರು ಮೂವರು. ಹೀಲರ್ ಬೇಕಾಗಿದ್ದಾನೆ ಎಂದು ಪಟ್ಟಣದ ಚಾಟ್‌ನಲ್ಲಿ ಅರ್ಧ ಗಂಟೆ ಕೂಗಬೇಕು. ಸಿಕ್ಕ ಮೇಲೆ ಎಲ್ಲರೂ ನಡೆದು ಗವಿಯ ಬಾಗಿಲಿಗೆ ಬರಬೇಕು. ಒಬ್ಬನಿಗೆ ದಾರಿ ತಪ್ಪುತ್ತದೆ, ಇನ್ನೊಬ್ಬನ ಮನೆಯಲ್ಲಿ ಅಮ್ಮ ಕರೆಯುತ್ತಾಳೆ, ಉಳಿದವರು ಬಾಗಿಲಲ್ಲಿ ಕೂತು ಹರಟುತ್ತಾರೆ. ಒಂದೇ ಸರ್ವರ್‌ನ ಜನವಾದ್ದರಿಂದ ನಾಳೆಯೂ ಇವರೇ ಸಿಗುತ್ತಾರೆ. ಸಿಕ್ಕಿದ್ದನ್ನು ಹಂಚದೆ ಬಾಚಿಕೊಂಡು ಓಡಿದವನಿಗೆ ಆ ಊರಲ್ಲಿ ಮತ್ತೆ ಜೊತೆ ಸಿಗುವುದಿಲ್ಲ. ಮರ್ಯಾದೆ ಎಂಬುದಕ್ಕೆ ಅಲ್ಲಿ ಬೆಲೆಯಿತ್ತು.

ಹೊಸ ಸೌಲಭ್ಯದಲ್ಲಿ ಒಂದು ಗುಂಡಿ. ಒತ್ತಿದರೆ ಕಂಪ್ಯೂಟರೇ ಬೇರೆ ಬೇರೆ ಸರ್ವರ್‌ಗಳಿಂದ ಐವರನ್ನು ಜೋಡಿಸಿ ನೇರ ಗವಿಯೊಳಗೆ ಇಳಿಸುತ್ತದೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಐವರೂ ಐದು ದಿಕ್ಕಿಗೆ. ಮತ್ತೆ ಎಂದೂ ಕಾಣದವನೊಡನೆ ಸೌಜನ್ಯ ಯಾಕೆ? ಹೊಸಬ ಎಡವಿದರೆ ಕಲಿಸುವ ವ್ಯವಧಾನ ಯಾರಿಗಿದೆ? ಮತ ಹಾಕಿ ಅವನನ್ನು ಹೊರದೂಡಿದರೆ ಅರೆಗಳಿಗೆಯಲ್ಲಿ ಇನ್ನೊಬ್ಬ ಬರುತ್ತಾನೆ.

ಇದನ್ನು ಬರೀ ಹಳಬರ ಹಲುಬಾಟ ಎಂದು ತಳ್ಳಿಹಾಕಲಾಗದು. ಹಾಗೆಯೇ ಗುಂಡಿ ಒತ್ತುವವರ ಮಾತಿನಲ್ಲೂ ನ್ಯಾಯವಿದೆ. ಇಪ್ಪತ್ತರ ಹರೆಯದಲ್ಲಿ ರಾತ್ರಿಯಿಡೀ ಆಡಿದವನಿಗೆ ಈಗ ನಲವತ್ತು. ಮಕ್ಕಳು ಮಲಗಿದ ಮೇಲೆ ಸಿಗುವುದೇ ಒಂದು ಗಂಟೆ. ಅದರಲ್ಲಿ ಅರ್ಧವನ್ನು ಹೀಲರ್ ಹುಡುಕುವುದರಲ್ಲಿ ಕಳೆ ಎಂದರೆ ಅವನು ಆಟವನ್ನೇ ಬಿಟ್ಟಾನು. ಕಂಪನಿಗಳು ಅವನ ಸಲುವಾಗಿಯೇ ದಾರಿ ಸುಗಮ ಮಾಡಿದವು. ಸುಗಮ ಮಾಡುತ್ತಾ ಮಾಡುತ್ತಾ ಒಬ್ಬರಿಗೊಬ್ಬರು ಬೇಕಾಗುವ ಸಂದರ್ಭಗಳನ್ನೆಲ್ಲ ಅಳಿಸಿದವು. ಈಗ ಬರುವ ಮೊಬೈಲ್ ಆಟಗಳಲ್ಲಂತೂ ಆಟೋ ಎಂಬ ಗುಂಡಿಯಿದೆ. ಪಾತ್ರ ತಾನೇ ನಡೆಯುತ್ತದೆ, ತಾನೇ ಹೊಡೆಯುತ್ತದೆ. ಮೊಬೈಲನ್ನು ಚಾರ್ಜಿಗಿಟ್ಟು ಆಟಗಾರ ಮಲಗುತ್ತಾನೆ. ಆಡುವವನೇ ಬೇಕಿಲ್ಲದ ಆಟವನ್ನು ಆಟ ಎಂದು ಕರೆಯುವುದು ಕಷ್ಟ.

ಹಳೆಯದನ್ನೇ ಕೊಡಿ ಎಂಬ ಬೇಡಿಕೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಇದೆ. ವಾರ್‌ಕ್ರಾಫ್ಟ್‌ನ ಹಳೆಯ ರೂಪವನ್ನು ಅನುಮತಿಯಿಲ್ಲದೆ ನಡೆಸುತ್ತಿದ್ದ ನೊಸ್ಟಾಲ್ರಿಯಸ್ ಎಂಬ ಸರ್ವರ್ 2016ರ ಏಪ್ರಿಲಿನಲ್ಲಿ ಮುಚ್ಚಿದಾಗ ಪ್ರತಿಭಟನೆಯ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. 2013ರಲ್ಲಿ ಹಳೆಯ ಆಟ ಕೇಳಿದವರಿಗೆ, ನಿಮಗೆ ಬೇಕು ಅನ್ನಿಸುತ್ತದೆ, ನಿಜಕ್ಕೂ ಬೇಕಿಲ್ಲ ಎಂಬ ಅರ್ಥದ ಉತ್ತರ ಕೊಟ್ಟಿದ್ದ ಬ್ಲಿಝಾರ್ಡ್ ಕಂಪನಿಯೇ 2019ರ ಆಗಸ್ಟಿನಲ್ಲಿ ವಾರ್‌ಕ್ರಾಫ್ಟ್ ಕ್ಲಾಸಿಕ್ ಬಿಡುಗಡೆ ಮಾಡಿತು. ಒಳಗೆ ಹೋಗಲು ಜನ ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ರೂನ್‌ಸ್ಕೇಪ್ ಇನ್ನೂ ಮುಂದೆ ಹೋಗಿತ್ತು. 2013ರಲ್ಲಿ ಅದು 2007ರ ತನ್ನ ಹಳೆಯ ರೂಪವನ್ನು ಓಲ್ಡ್ ಸ್ಕೂಲ್ ಎಂಬ ಹೆಸರಲ್ಲಿ ಮರಳಿ ತಂದಿತು. ದೊಡ್ಡ ಬದಲಾವಣೆಗಳಿಗೆ ಆಟಗಾರರೇ ಮತ ಹಾಕಬೇಕು, ನೂರಕ್ಕೆ 75 ಒಪ್ಪಿದರೆ ಮಾತ್ರ ಬದಲಾವಣೆ ಎಂಬ ಕಟ್ಟಳೆ ಮಾಡಿತು. ಈಚೆಗೆ ಅದನ್ನು 70ಕ್ಕೆ ಇಳಿಸಿದ್ದಾರೆ, ಮತದಾನ ನಿಂತಿಲ್ಲ.

ಆಟಗಾರರ ತಪ್ಪೂ ಇಲ್ಲಿ ಹೇಳಬೇಕು. ಕ್ಲಾಸಿಕ್‌ಗೆ ಮರಳಿದವರಲ್ಲಿ ಹಲವರು ಹಳೆಯ ನಿಧಾನವನ್ನು ಅರಸಿ ಬಂದು, ಎಲ್ಲಕ್ಕಿಂತ ಬೇಗ ಮುಗಿಸುವ ದಾರಿಯನ್ನೇ ಹುಡುಕಿದರು. ಗವಿಯಲ್ಲಿ ಸಿಕ್ಕ ಆಯುಧಗಳನ್ನು ಆಟದ ಚಿನ್ನಕ್ಕೆ ಹರಾಜು ಹಾಕುವ ಪದ್ಧತಿ ಬೆಳೆಯಿತು. ಹರಾಜಿಗೆ ಚಿನ್ನ ಬೇಕು, ಚಿನ್ನಕ್ಕಾಗಿ ಹೊರಗಿನ ಮಾರಾಟಗಾರರಿಗೆ ನಿಜವಾದ ದುಡ್ಡು. ಇದು ಎಷ್ಟು ಹಬ್ಬಿತೆಂದರೆ 2024ರಲ್ಲಿ ಬ್ಲಿಝಾರ್ಡ್ ತನ್ನ ಒಂದು ಆವೃತ್ತಿಯಲ್ಲಿ ಈ ಹರಾಜನ್ನೇ ನಿಷೇಧಿಸಬೇಕಾಯಿತು. ಲೋಕವನ್ನು ಹಾಳುಗೆಡವುವವರು ಕಂಪನಿಯವರು ಮಾತ್ರ ಅಲ್ಲ.

ದುಡ್ಡಿನ ಮಾತು ಬಂದಿತಲ್ಲ, ಅಲ್ಲಿ ಆಟಗಾರರ ಸಿಟ್ಟು ಇನ್ನೂ ಬಿಸಿಯಾಗಿದೆ. ಮೊದಲು ಇಂಥ ಆಟಗಳಿಗೆ ತಿಂಗಳ ಚಂದಾ ಇತ್ತು. ವಾರ್‌ಕ್ರಾಫ್ಟ್‌ಗೆ ಅಮೆರಿಕದಲ್ಲಿ ತಿಂಗಳಿಗೆ ಸುಮಾರು 15 ಡಾಲರ್. ಸಾಹುಕಾರನಾಗಲಿ ಬಡವನಾಗಲಿ ಅಷ್ಟೇ; ಕೊಟ್ಟ ಮೇಲೆ ಒಳಗೆ ಎಲ್ಲರೂ ಸಮ. ಆಮೇಲೆ ಬಂದದ್ದು ಫ್ರೀ ಆಟಗಳ ಕಾಲ. ಡೌನ್‌ಲೋಡ್‌ಗೆ ಕಾಸಿಲ್ಲ, ಒಳಗೆ ಹೆಜ್ಜೆಗೊಂದು ಅಂಗಡಿ. ಇವತ್ತಿನ ಮೊಬೈಲ್ ಆಟವೊಂದನ್ನು ತೆರೆದು ನೋಡಿದರೆ ಸಾಕು. ಮೊದಲು ಇವತ್ತು ಬಂದದ್ದಕ್ಕೆ ಬಹುಮಾನ ಎಂಬ ಫಲಕ. ಏಳು ದಿನ ತಪ್ಪದೆ ಬಂದರೆ ಏಳನೆಯ ದಿನ ದೊಡ್ಡದು, ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ. ಅದನ್ನು ಮುಚ್ಚಿದರೆ ಇನ್ನು ನಾಲ್ಕು ಗಂಟೆ ಮಾತ್ರ ಎಂದು ಗಡಿಯಾರ ಓಡುತ್ತಿರುವ ರಿಯಾಯಿತಿ. ಅದನ್ನೂ ಮುಚ್ಚಿದರೆ ದುಡ್ಡು ಕೊಟ್ಟವರಿಗೆ ಹೆಚ್ಚು ಬಹುಮಾನ ಕೊಡುವ ಬ್ಯಾಟಲ್ ಪಾಸ್. ಅದರ ಹಿಂದೆ ವಜ್ರ, ಹರಳು, ಟೋಕನ್ ಎಂದು ನಾಲ್ಕು ಬಗೆಯ ನಾಣ್ಯ. ಯಾವುದಕ್ಕೆ ಎಷ್ಟು ರೂಪಾಯಿ ಎಂದು ಥಟ್ಟನೆ ಹೇಳಲು ಬಾರದ ಹಾಗೆ ಮಾಡಿಟ್ಟದ್ದು. ಪರದೆಯ ಮೇಲಿನ ಕೆಂಪು ಚುಕ್ಕೆಗಳನ್ನೆಲ್ಲ ಒತ್ತಿ ಮುಗಿಸಿ ಆಟಕ್ಕೆ ಇಳಿಯುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಆಡಬೇಕು ಎಂಬ ಆಸೆಯ ಜಾಗಕ್ಕೆ ತಪ್ಪಿಹೋದೀತು ಎಂಬ ಅಂಜಿಕೆ ಬಂದು ಕೂತಿದೆ.

ಎಲ್ಲಕ್ಕಿಂತ ಕೆಟ್ಟದ್ದು ಲೂಟ್ ಬಾಕ್ಸ್. ದುಡ್ಡು ಕೊಟ್ಟು ಮುಚ್ಚಿದ ಪೆಟ್ಟಿಗೆ ಕೊಳ್ಳುವುದು, ಒಳಗೆ ಏನಿದೆಯೋ ಅದೃಷ್ಟ. ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕೊರಿಯಾದ ಮೇಪಲ್‌ಸ್ಟೋರಿ ಆಟದ ಪ್ರಕರಣ ಕಣ್ಣು ತೆರೆಸುವಂಥದ್ದು. ಅದರಲ್ಲಿ ಆಯುಧಗಳ ಗುಣ ಬದಲಿಸುವ ಕ್ಯೂಬ್ ಎಂಬ ವಸ್ತುವನ್ನು ನೆಕ್ಸಾನ್ ಕಂಪನಿ ಮಾರುತ್ತಿತ್ತು. ಒಳ್ಳೆಯ ಗುಣ ಬರುವ ಸಂಭವವನ್ನು ಆಟಗಾರರಿಗೆ ತಿಳಿಸದೆ ತಗ್ಗಿಸಲಾಗಿತ್ತು, ಜನ ಹೆಚ್ಚು ಬಯಸುತ್ತಿದ್ದ ಕೆಲವು ಜೋಡಣೆಗಳು ಬರುವ ಸಂಭವವನ್ನು ಸೊನ್ನೆಗೇ ಇಳಿಸಲಾಗಿತ್ತು ಎಂದು ಕೊರಿಯಾದ ವ್ಯಾಪಾರ ಆಯೋಗ ಕಂಡುಕೊಂಡಿತು. 2024ರ ಜನವರಿಯಲ್ಲಿ 1,160 ಕೋಟಿ ವಾನ್, ಅಂದರೆ 70 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ಹಾಕಿತು. ಎಂದೂ ಬಾರದ ವಸ್ತುವಿಗಾಗಿ ವರ್ಷಾನುಗಟ್ಟಲೆ ಮಂದಿ ದುಡ್ಡು ಸುರಿದಿದ್ದರು. ಅದೇ ವರ್ಷದ ಮಾರ್ಚಿನಿಂದ ಕೊರಿಯಾದಲ್ಲಿ ಯಾವ ವಸ್ತು ಬರುವ ಸಂಭವ ಎಷ್ಟು ಎಂಬುದನ್ನು ಕಂಪನಿಗಳು ಬಹಿರಂಗಪಡಿಸುವುದು ಕಡ್ಡಾಯವಾಗಿದೆ. ಬೆಲ್ಜಿಯಂ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜು ಎಂದಿತು. 2022ರಲ್ಲಿ ಬಂದ ಡಯಾಬ್ಲೊ ಇಮ್ಮಾರ್ಟಲ್ ಆಟ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಬಿಡುಗಡೆಯೇ ಆಗಲಿಲ್ಲ.

ಭಾರತ 2025ರ ಆಗಸ್ಟಿನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು, ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಬೇರೆಯಾಗಿ ಗುರುತಿಸಿತು. ರಮ್ಮಿಯಲ್ಲಿ ಸಾಲ ಮಾಡಿಕೊಂಡ ಮನೆಗಳಿಗೆ ಅದರ ಬೆಲೆ ಗೊತ್ತು. ಆದರೆ ಹಣ ಕಟ್ಟಿ ಮಾಯದ ಕತ್ತಿ ಗೆಲ್ಲುವ ಪೆಟ್ಟಿಗೆ ಆ ಕಾಯ್ದೆಯ ಮುಖ್ಯ ಗುರಿಯಲ್ಲ. ಕೊರಿಯಾದಂತೆ ಇಲ್ಲೂ ಸಂಭವದ ಲೆಕ್ಕ ಪೆಟ್ಟಿಗೆಯ ಮೇಲೆ ಬರೆಯಿರಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಇಷ್ಟು ದೂರು ಹೇಳಿಯೂ ಆಟಗಾರರು ಯಾಕೆ ಬಿಡುವುದಿಲ್ಲ? ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ತರುಣನ ಬದುಕಿನಲ್ಲಿ ಇದಕ್ಕೆ ಉತ್ತರವಿದೆ. ಡುಶೇನ್ ಎಂಬ ಸ್ನಾಯು ಸವೆಯುವ ಕಾಯಿಲೆಯಿಂದ ಅವನು ಚಿಕ್ಕಂದಿನಲ್ಲೇ ಗಾಲಿಕುರ್ಚಿ ಹಿಡಿದ. ಕೊನೆಗೆ ಬೆರಳುಗಳಷ್ಟೇ ಆಡುತ್ತಿದ್ದವು. 2014ರಲ್ಲಿ, 25ರ ವಯಸ್ಸಿನಲ್ಲಿ ತೀರಿಕೊಂಡ. ಮಗ ಪ್ರೀತಿ, ಗೆಳೆತನ ಯಾವುದನ್ನೂ ಕಾಣದೆ ಹೋದನಲ್ಲ ಎಂದು ತಂದೆತಾಯಿ ಕೊರಗಿದರು. ಅವನ ಸಾವಿನ ಸುದ್ದಿಯನ್ನು ಇಂಟರ್ನೆಟ್ಟಿನಲ್ಲಿ ಬರೆದು ತಿಳಿಸಿದಾಗ ಯುರೋಪಿನ ಮೂಲೆಮೂಲೆಯಿಂದ ಪತ್ರಗಳು ಬಂದವು. ವಾರ್‌ಕ್ರಾಫ್ಟ್‌ನೊಳಗೆ ಅವನು ಇಬೆಲಿನ್ ಎಂಬ ವೀರ, ಸ್ಟಾರ್‌ಲೈಟ್ ಎಂಬ ಗಿಲ್ಡಿನವನು, ಅಂದರೆ ಆಟಗಾರರ ಕೂಟದವನು. ಅಲ್ಲಿ ಅವನಿಗೆ ಓಡುವ ಕಾಲಿತ್ತು. ಒಬ್ಬಳು ತಾಯಿ ತನ್ನ ಮಗನೊಡನೆ ಮತ್ತೆ ಮಾತು ಬೆಸೆದದ್ದು ಅವನ ಸಲಹೆಯಿಂದ. ಗಿಲ್ಡಿನವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೆ ಬಂದರು. 2024ರಲ್ಲಿ ಬೆಂಜಮಿನ್ ರೀ ಈ ಕುರಿತು ಮಾಡಿದ ಸಾಕ್ಷ್ಯಚಿತ್ರ ಬಂದಿದೆ.

ಸ್ಟಾರ್‌ಲೈಟ್ ಗಿಲ್ಡಿಗೆ ಒಂದು ವಿಶೇಷವಿತ್ತು. ಅದರ ಸದಸ್ಯರು ನಿಜವಾಗಿ ಪಾತ್ರ ವಹಿಸುತ್ತಿದ್ದರು. ಪಾತ್ರಕ್ಕೊಂದು ಮನೆತನ, ಸ್ವಭಾವ, ಮಾತಿನ ಧಾಟಿ; ಆಡುವಷ್ಟು ಹೊತ್ತು ಅದರೊಳಗೇ ಇರಬೇಕು. ಈ ಆಟಗಳ ಹೆಸರಿನಲ್ಲೇ ಪಾತ್ರ ಎಂಬುದು ಸೇರಿಕೊಂಡಿದ್ದರೂ ಇಂದಿನ ಹೆಚ್ಚಿನ ಆಟಗಳಲ್ಲಿ ಅದು ಬರೀ ಅಂಕಿಗಳ ಮೂಟೆ. ಎಷ್ಟು ಲೆವೆಲ್, ಎಷ್ಟು ಡ್ಯಾಮೇಜ್, ಮುಗಿಯಿತು.

ಘತ್ತರಗಿ ಸುತ್ತಿನ ಹಿರಿಯರಿಗೆ ಪಾತ್ರ ವಹಿಸುವುದು ಏನೆಂದು ವಿವರಿಸಬೇಕಾಗಿಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು, ನೀನಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಹಗಲು ತೊಗರಿ ಹೊಲದಲ್ಲಿ ದುಡಿದವನು ರಾತ್ರಿ ಕಿರೀಟ ಭುಜಕೀರ್ತಿ ತೊಟ್ಟು ತನ್ನ ಬಿರುದು ಬಾವಲಿ ಒಪ್ಪಿಸುತ್ತಾನೆ. ಬೆಳಗಾಗುವ ತನಕ ಅವನು ಆ ರಾಜನೇ.

ಅಚ್ಚರಿಯೆಂದರೆ ಇಂಥದೇ ಪ್ರಶ್ನೆ ಈಗ ಇನ್ನೊಂದು ಕಡೆ ಕೇಳಿಬರುತ್ತಿದೆ. ಜಿಟಿಎ-5 ಎಂಬುದು 2013ರಲ್ಲಿ ಬಂದ, ಕಳ್ಳಕಾಕರ ಕತೆಯ ಆಟ. ಫೈವ್‌ಎಂ ಎಂಬ ತಂತ್ರಾಂಶ ಬಳಸಿ ಆಟಗಾರರು ಅದರ ಮೇಲೆ ತಮ್ಮದೇ ಸರ್ವರ್ ಕಟ್ಟಿ ಪಾತ್ರದಾಟ ಆಡುತ್ತಾರೆ. ಒಬ್ಬ ಆಟೋ ಮೆಕ್ಯಾನಿಕ್, ಒಬ್ಬಳು ಡಾಕ್ಟರ್, ಒಬ್ಬ ಪೊಲೀಸ್, ಒಬ್ಬ ವಕೀಲ. ಕಟ್ಟುನಿಟ್ಟಾದ ಸರ್ವರ್‌ಗಳಲ್ಲಿ ಒಳಗೆ ಬಿಡುವ ಮೊದಲು ನಿನ್ನ ಪಾತ್ರದ ಹಿನ್ನೆಲೆ ಬರೆದುಕೊಡು ಎನ್ನುತ್ತಾರೆ. ಪಾತ್ರ ಬಿಟ್ಟು ಮಾತಾಡುವಂತಿಲ್ಲ. ಎದುರಿಗೆ ಬಂದೂಕು ಹಿಡಿದು ನಿಂತರೆ ಜೀವಭಯ ಇರುವವನಂತೆ ನಡೆದುಕೊಳ್ಳಬೇಕು. ಕಾರಣವಿಲ್ಲದೆ ಯಾರನ್ನೂ ಕೊಲ್ಲುವಂತಿಲ್ಲ. ಕೊಂದರೆ ಸರ್ವರ್‌ನಿಂದ ಗಡೀಪಾರು. ಹಿಂದಿ, ಮಲಯಾಳ ಮಾತಿನ ಇಂಥ ಸರ್ವರ್‌ಗಳನ್ನು ಸಾವಿರಾರು ಜನ ಯೂಟ್ಯೂಬಿನಲ್ಲಿ ಕೂತು ನೋಡುತ್ತಾರೆ. ಬೆಲೆಬಾಳುವ ಕಂಪ್ಯೂಟರ್ ಬೇಕಾದ್ದರಿಂದ ಹಳ್ಳಿಯ ಹುಡುಗರು ಹೆಚ್ಚಾಗಿ ನೋಡುಗರೇ. ಆದರೂ ಗಮನಿಸಬೇಕಾದ ಮಾತು: ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿದು ಕಟ್ಟಿದ ಲೋಕಗಳಲ್ಲಿ ಕಳೆದುಹೋದದ್ದನ್ನು ಆಟಗಾರರು ತಾವೇ ಇನ್ನೊಂದು ಕಡೆ, ತಮ್ಮ ತಮ್ಮ ಮಾತಿನಲ್ಲಿ ಕಟ್ಟಿಕೊಂಡರು.

ಭಾಷೆಯ ಮಾತು ಇಲ್ಲೇ ಬರಬೇಕು. ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ-14, ಈವ್, ಓಲ್ಡ್ ಸ್ಕೂಲ್ ರೂನ್‌ಸ್ಕೇಪ್, ಆಲ್ಬಿಯನ್ ಯಾವುದರಲ್ಲೂ ಕನ್ನಡ ಇಲ್ಲ. ಕತೆ ಕೇಳಿ, ಸುಳಿವು ಬಿಡಿಸಿ, ಊರವರೊಡನೆ ಮಾತಾಡಿ ಮುಂದೆ ಹೋಗುವ ಆಟ ಇದು. ಕಾಳಗದ ಆಟದಲ್ಲಿ ಗುರಿ ಇಟ್ಟು ಹೊಡೆಯಲು ಓದು ಬೇಕಿಲ್ಲ. ಇಲ್ಲಿ ಓದು ಬಾರದವನು ಅರ್ಧ ಆಟ ಕಳಕೊಳ್ಳುತ್ತಾನೆ. ಹುಡುಗರು ಪಬ್‌ಜಿಗೆ ಒಗ್ಗಿ ಇದಕ್ಕೆ ಒಗ್ಗದಿರಲು ಭಾಷೆಯೂ ಒಂದು ಕಾರಣ ಎಂದು ಧಾರಾಳವಾಗಿ ಹೇಳಬಹುದು.

ಇನ್ನೊಂದು ಕಾರಣ ದೂರ. ವಾರ್‌ಕ್ರಾಫ್ಟ್‌ಗಾಗಲಿ ಫೈನಲ್ ಫ್ಯಾಂಟಸಿಗಾಗಲಿ ಭಾರತದಲ್ಲಿ ಸರ್ವರ್ ಇಲ್ಲ. ಆಟಗಾರ ಇಲ್ಲಿ ಒತ್ತಿದ್ದು ಸಮುದ್ರ ದಾಟಿ ಹೋಗಿ ಉತ್ತರ ಬರುವಷ್ಟರಲ್ಲಿ ರಾಕ್ಷಸನ ಏಟು ಬಿದ್ದಿರುತ್ತದೆ. ಈ ವಿಳಂಬವನ್ನೇ ಪಿಂಗ್ ಎನ್ನುವುದು. ಕೆಲವು ಆಟಗಳು ಹತ್ತಿರ ಬಂದಿವೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ 2018ರಿಂದ, ಆಲ್ಬಿಯನ್ 2021ರಿಂದ ಮೊಬೈಲಿನಲ್ಲಿ ಸಿಗುತ್ತವೆ. ಆಲ್ಬಿಯನ್ 2023ರಲ್ಲಿ ಏಷ್ಯಾದವರಿಗಾಗಿ ಸಿಂಗಪುರದಲ್ಲಿ ಬೇರೆಯೇ ಸರ್ವರ್ ತೆರೆಯಿತು. ಎರಡೂ ಸಾಧಾರಣ ಮೊಬೈಲಿನಲ್ಲಿ ಓಡುತ್ತವೆ. ಆಲ್ಬಿಯನ್‌ನಲ್ಲಿ ತೊಡುವ ಕವಚ, ಹಿಡಿಯುವ ಆಯುಧ ಬಹುಪಾಲು ಆಟಗಾರರೇ ತಯಾರಿಸಿದ್ದು: ಒಬ್ಬ ಅದಿರು ಅಗೆಯುತ್ತಾನೆ, ಇನ್ನೊಬ್ಬ ಕರಗಿಸುತ್ತಾನೆ, ಮತ್ತೊಬ್ಬ ಬಡಿದು ಕತ್ತಿ ಮಾಡುತ್ತಾನೆ. ಅಪಾಯದ ಸೀಮೆಯಲ್ಲಿ ಸತ್ತರೆ ಮೈಮೇಲಿನದೆಲ್ಲ ಹೋಗುತ್ತದೆ, ಅದಕ್ಕೇ ಅಲ್ಲಿಗೆ ಜೊತೆ ಬೇಕು. ಒಬ್ಬರಿಗೊಬ್ಬರು ಬೇಕಾಗುವ ಹಳೆಯ ಗುಣ ಈಗಿನ ಆಟದಲ್ಲೂ ಸಾಧ್ಯ ಎಂಬುದಕ್ಕೆ ಇದು ಉದಾಹರಣೆ.

ಅಂಥ ಗುಣವಿರುವ ಕಡೆ ಎಂಥ ಕತೆಗಳು ಹುಟ್ಟುತ್ತವೆ ಎಂಬುದಕ್ಕೆ ಐಸ್‌ಲ್ಯಾಂಡಿನ ಈವ್ ಆನ್‌ಲೈನ್ ಸಾಕು. 2014ರ ಜನವರಿಯಲ್ಲಿ ಅಲ್ಲೊಂದು ಒಕ್ಕೂಟ ತನ್ನ ಸೀಮೆಯ ಕಂದಾಯ ಕಟ್ಟುವುದು ತಪ್ಪಿತು. ಒಡೆತನ ಬಿದ್ದುಹೋಯಿತು, ವೈರಿಗಳು ನುಗ್ಗಿದರು. ಸುಮಾರು 21 ಗಂಟೆ ನಡೆದ ಕಾಳಗದಲ್ಲಿ ಏಳು ಸಾವಿರಕ್ಕೂ ಹೆಚ್ಚು ಆಟಗಾರರು ಪಾಲುಗೊಂಡರು. ತಿಂಗಳುಗಟ್ಟಲೆ ಕೂಡಿ ಕಟ್ಟುವ ಟೈಟನ್ ಎಂಬ ದೈತ್ಯ ಅಂತರಿಕ್ಷ ಹಡಗುಗಳು 75 ನಾಶವಾದವು. ಯಾವ ಕತೆಗಾರನೂ ಅದನ್ನು ಬರೆದಿರಲಿಲ್ಲ.

ಇಂಥ ಕತೆಗಳಿದ್ದರೂ ಆಟದ ಚಟದ ಬಗ್ಗೆ ಮಕ್ಕಳ ಮನೆಯವರ ಆತಂಕ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆಗಳಿಗೆಂದೇ ಶಟ್ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಊಟ, ನಿದ್ದೆ, ಶಾಲೆ ಎಲ್ಲವನ್ನೂ ಆಟ ನುಂಗುತ್ತಿದ್ದರೆ, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿದ್ದರೆ ಅದು ಬೈಗುಳದಿಂದ ಹೋಗುವುದಲ್ಲ, ವೈದ್ಯರಿಗೆ ತೋರಿಸಬೇಕು. ಆದರೆ ಎಲ್ಲ ಆಟವನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಏನ್ ಆಡ್ಲಕತ್ತಿಯೋ ತಮ್ಮಾ, ಯಾರ ಜೋಡಿ ಆಡ್ಲಕತ್ತಿ, ಅದರಾಗ ರೊಕ್ಕ ಎಲ್ಲಿ ಕೇಳ್ತಾರ ಎಂದು ಪಕ್ಕದಲ್ಲಿ ಕೂತು ಮೂರು ಪ್ರಶ್ನೆ ಕೇಳಿದರೆ ಆಟ ಎಂಥದ್ದೆಂದು ಗೊತ್ತಾಗುತ್ತದೆ. ಫೋನ್‌ಪೇ, ಗೂಗಲ್‌ಪೇ ಪಿನ್ ಮಗನಿಗೆ ಗೊತ್ತಿರದ ಹಾಗೆ ನೋಡಿಕೊಂಡರೆ ಅರ್ಧ ಗಂಡಾಂತರ ತಪ್ಪುತ್ತದೆ.

ಕೊನೆಯ ಮಾತು ಆಟ ಮಾಡುವವರಿಗೆ. ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರ‍್ಯಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದು ಫೋರ್ಝಾದಂಥ ಜಗತ್ಪ್ರಸಿದ್ಧ ಆಟಗಳಿಗೆ ಚಿತ್ರಗಳನ್ನು ಮಾಡಿಕೊಟ್ಟಿತು, 2019ರಲ್ಲಿ ಜಿಟಿಎ ಮಾಡಿದ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಆನಿಮೇಷನ್, ಗೇಮಿಂಗ್‌ಗೆಂದೇ ನೀತಿ ಮಾಡಿದ ಮೊದಲ ರಾಜ್ಯವೂ ಕರ್ನಾಟಕವೇ, 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಕೈ ಇದೆ, ಕಸುಬಿದೆ, ಸರ್ಕಾರದ ಬೆಂಬಲವಿದೆ. ಹೊರಗಿನವರ ಲೋಕಗಳಿಗೆ ಬಣ್ಣ ಬಳಿದುಕೊಟ್ಟ ಬೆಂಗಳೂರಿನ ಸ್ಟುಡಿಯೋಗಳು ಈಗ ಸಾಧಾರಣ ಮೊಬೈಲಿನಲ್ಲಿ ಓಡುವ, ಸರ್ವರ್ ನಮ್ಮ ದೇಶದಲ್ಲೇ ಇರುವ, ಲೂಟ್ ಬಾಕ್ಸ್ ಇಲ್ಲದ, ಜನ ಒಬ್ಬರೊಡನೊಬ್ಬರು ಕನ್ನಡದಲ್ಲಿ ಮಾತಾಡಿಯೇ ಮುಂದೆ ಹೋಗಬೇಕಾದ ಒಂದು ಪಾತ್ರದಾಟ ಮಾಡಲಿ. ಕಲಬುರಗಿ ಸೀಮೆಯ ಮಾತೂ ಅದರಲ್ಲಿರಲಿ.